ಮಲ್ಪೆಯಿಂದ ಆಂಡ್ರೊಮೆಡಾ ಸಿಕ್ಕಿತು, ಆದರೆ ಸುಳಿ ಎಲ್ಲಿ?

ಮಲ್ಪೆ_ಗಾಳಿ · ಶನಿವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಹೊಸ ಟೆಲಿಸ್ಕೋಪ್ ಬಂದಿದೆ. 130 ಮಿಮೀ ಕನ್ನಡಿ, 650 ಮಿಮೀ ಫೋಕಲ್ ಲೆಂತ್. ಇವತ್ತು ಮಲ್ಪೆ ಬೀಚಿನಲ್ಲಿ ಅಂಗಡಿ ದೀಪಗಳನ್ನು ದಾಟಿ ಉತ್ತರಕ್ಕೆ ನಡೆದು ಹೋಗಿ ಎಂ31, ಅಂದರೆ ಸುಳಿ ಆಕಾರದ ಆಂಡ್ರೊಮೆಡಾ ಗ್ಯಾಲಕ್ಸಿ, ಹುಡುಕಿದೆ. ಸಿಕ್ಕಿತು. ಅದೇ ಹೌದು ಅಂತ ಆ್ಯಪ್ ಕೂಡ ಹೇಳುತ್ತದೆ.

ಆದರೆ ಕಂಡದ್ದು ಬೂದು ಬಣ್ಣದ ಒಂದು ಮಸುಕು. ನಡುವೆ ಬೆಳಕು ಸ್ವಲ್ಪ ಜಾಸ್ತಿ. ಅಷ್ಟೇ. ಸುಳಿಯ ತೋಳು ಇಲ್ಲ, ಬಣ್ಣ ಇಲ್ಲ, ಕಪ್ಪು ಪಟ್ಟಿ ಇಲ್ಲ. 10 ಮಿಮೀ ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ ಇನ್ನೂ ಮಸುಕಾಗುತ್ತದೆ. ಕನ್ನಡಿ ಜೋಡಣೆ ಸರಿ ಉಂಟು, ಶನಿಯ ಬಳೆ ಕಾಣುತ್ತದೆ. ಹಾಗಾದರೆ ಇದು ಟೆಲಿಸ್ಕೋಪಿನ ಮಿತಿಯಾ, ಮಲ್ಪೆಯ ಆಕಾಶದ ಮಿತಿಯಾ, ಇಲ್ಲ ನೋಡುವ ರೀತಿಯೇ ಬೇರೆಯಾ? ಮುಂದಿನ ವಾರ ಅಪ್ಪ ಬರ್ತೇನೆ ಅಂದಿದ್ದಾರೆ. "ಇದಕ್ಕಾ ಇಷ್ಟು ದುಡ್ಡು ಕೊಟ್ಟದ್ದು" ಅಂತ ಕೇಳುವ ಮೊದಲು ಒಂದು ಉತ್ತರ ಇಟ್ಟುಕೊಳ್ಳಬೇಕು.

ಕುಡ್ಲ_ಬಾಯ್ · ಶನಿವಾರ ರಾತ್ರಿ 11:41

ಫೋಟೋದಲ್ಲಿ ಬರುವುದೆಲ್ಲ ಎಡಿಟಿಂಗ್ ಮಾರಾಯ್ರೇ. ನಿಜವಾಗಿ ಇರುವುದು ನೀವು ನೋಡಿದ ಆ ಮಸುಕೇ.

ಭಟ್ರ ಬೈನಾಕ್ಯುಲರ್ · ಭಾನುವಾರ ಬೆಳಿಗ್ಗೆ 7:05

ಟೆಲಿಸ್ಕೋಪ್ ಸರಿ ಇದೆ. ನೀವು ನೋಡಿದ್ದೂ ಸರಿಯೇ. ಆದರೆ ಅದು ಎಂ31ರ ನಡುಭಾಗ ಮಾತ್ರ.

ಮೊದಲು ಐಪೀಸಿನ ಲೆಕ್ಕ. 650 ಅನ್ನು 10ರಿಂದ ಭಾಗಿಸಿ, 65 ಪಟ್ಟು ಆಯಿತು. ಆ ಐಪೀಸಿನಲ್ಲಿ ಮುಕ್ಕಾಲು ಡಿಗ್ರಿಯಷ್ಟು ಆಕಾಶ ಕಾಣುತ್ತದೆ. ಎಂ31 ಉದ್ದ ಸುಮಾರು 3 ಡಿಗ್ರಿ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ ಅದು. ಅಂಚೇ ಕಾಣದಿದ್ದರೆ ಆಕಾರ ಗೊತ್ತಾಗುವುದು ಹೇಗೆ? ಸುತ್ತ ಕಪ್ಪು ಆಕಾಶ ಕಂಡಾಗಲೇ ಕಣ್ಣು "ಓ, ಇಲ್ಲಿ ಏನೋ ಇದೆ" ಅನ್ನುವುದು. 25 ಮಿಮೀ ಹಾಕಿ. 26 ಪಟ್ಟು, ಹೆಚ್ಚುಕಮ್ಮಿ 2 ಡಿಗ್ರಿ. ಅದಕ್ಕಿಂತ ಒಳ್ಳೆಯದು ಸಾದಾ 10×50 ಬೈನಾಕ್ಯುಲರ್ (10 ಪಟ್ಟು, 50 ಮಿಮೀ ಲೆನ್ಸ್). ಇಡೀ ಎಂ31 ಒಳಗೆ ಕೂತು ಇನ್ನೂ ಜಾಗ ಉಳಿಯುತ್ತದೆ. ನನ್ನ ಹೆಸರು ನೋಡಿ ಪಕ್ಷಪಾತ ಅನ್ನಬೇಡಿ.

ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಸಣ್ಣದಾದಷ್ಟೂ ಹೊಳಪು ಜಾಸ್ತಿ) 3.4 ಅಂತ ಪಟ್ಟಿಯಲ್ಲಿ ಓದಿ ತುಂಬ ಜನ ಮೋಸ ಹೋಗುತ್ತಾರೆ. 3.4ರ ನಕ್ಷತ್ರ ಉಡುಪಿ ಪೇಟೆಯಿಂದಲೂ ಕಾಣುತ್ತದಲ್ಲ, ಇದು ಯಾಕಿಲ್ಲ ಅಂತ. ನಕ್ಷತ್ರದ ಬೆಳಕು ಒಂದು ಬಿಂದುವಿನಲ್ಲಿ ಇರುತ್ತದೆ. ಗ್ಯಾಲಕ್ಸಿಯ ಬೆಳಕು ಅಷ್ಟು ಅಗಲಕ್ಕೆ ಹರಡಿರುತ್ತದೆ. ನೀವು ಪಟ್ಟು ಹೆಚ್ಚಿಸಿದ ಹಾಗೆ ಇನ್ನೂ ಹರಡುತ್ತದೆ. ಎಷ್ಟು ದೊಡ್ಡ ಟೆಲಿಸ್ಕೋಪ್ ತಂದರೂ ಇಂಥ ಹರಡಿದ ವಸ್ತುವಿನ ಮೇಲ್ಮೈ ಬರಿಗಣ್ಣಿಗೆ ಕಾಣುವುದಕ್ಕಿಂತ ಪ್ರಕಾಶಮಾನ ಆಗುವುದಿಲ್ಲ. ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಹಾಗಾಗಿ ಇಲ್ಲಿ ಗೆಲ್ಲುವುದು ಕತ್ತಲು. ಟೆಲಿಸ್ಕೋಪ್ ಆಮೇಲೆ.

ಇನ್ನು ಸುಳಿಯ ವಿಷಯ. ಎಂ31 ನಮಗೆ ಅಡ್ಡಡ್ಡ ಕಾಣುತ್ತದೆ. ದೋಸೆ ಕಾವಲಿಯನ್ನು ಹೆಚ್ಚುಕಮ್ಮಿ ಕಣ್ಣಿನ ಮಟ್ಟಕ್ಕೆ ಹಿಡಿದರೆ ಹೇಗೋ ಹಾಗೆ. ಪೂರ್ತಿ ಅಡ್ಡಕ್ಕೆ 13 ಡಿಗ್ರಿ ಮಾತ್ರ ಬಾಕಿ. ತೋಳುಗಳು ಒಂದರ ಮೇಲೊಂದು ಬಿದ್ದು ಕಲೆಸಿಹೋಗುತ್ತವೆ. ಸಣ್ಣ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ಎಂ31ರ ಸುಳಿ ನೋಡಿದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. 8 ಇಂಚಿನದ್ದು ಇದ್ದು ಒಳ್ಳೆಯ ಕತ್ತಲು ಸಿಕ್ಕರೆ ಧೂಳಿನ ಕಪ್ಪು ಪಟ್ಟಿ ಒಂದು, ಅಪರೂಪಕ್ಕೆ ಎರಡು. ಅದೂ ವಾಯವ್ಯ ಅಂಚಿನಲ್ಲಿ.

ಮಲ್ಪೆಯ ಬಗ್ಗೆ. ನವೆಂಬರಿನಲ್ಲಿ ಸಂಜೆ ಏಳಕ್ಕೆ ಎಂ31 ಈಶಾನ್ಯದಲ್ಲಿರುತ್ತದೆ. ಅಲ್ಲಿ ಉಡುಪಿ, ಮಣಿಪಾಲದ ಬೆಳಕು. ರಾತ್ರಿ ಒಂಬತ್ತೂವರೆ ತನಕ ಕಾಯಿರಿ. ಆಗ ನೇರ ಉತ್ತರದಲ್ಲಿ, 60 ಡಿಗ್ರಿ ಎತ್ತರದಲ್ಲಿ ಇರುತ್ತದೆ. ನಮ್ಮ ಕರಾವಳಿಯಲ್ಲಿ ಕೆಳಗಿನ 30 ಡಿಗ್ರಿ ಆಕಾಶ ತೇವದಿಂದ ಹಾಳು. ಎತ್ತರ ಸಿಕ್ಕಷ್ಟೂ ಲಾಭ.

ಹೊಸಬರಿಗೆ ದಾರಿ: ಪಂಚಾಂಗದಲ್ಲಿ ಬರುವ ಪೂರ್ವಾಭಾದ್ರ, ಉತ್ತರಾಭಾದ್ರ ಎರಡೂ ಸೇರಿ ಆಕಾಶದಲ್ಲಿ ಒಂದು ದೊಡ್ಡ ಚೌಕ. ಅದರ ಈಶಾನ್ಯ ಮೂಲೆಯ ನಕ್ಷತ್ರ ಆಲ್ಫೆರಾಟ್ಸ್. ಅಲ್ಲಿಂದ ನಕ್ಷತ್ರಗಳ ಸಾಲು ಹಿಡಿದು ಹೋದರೆ ಸ್ವಲ್ಪ ಕೆಂಪು ಛಾಯೆಯ ಮಿರಾಕ್. ಮಿರಾಕಿನಿಂದ ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಕಡೆಗೆ ತಿರುಗಿ, ಎರಡು ಸಣ್ಣ ನಕ್ಷತ್ರ ದಾಟಿ. ಎರಡನೆಯದರ ಪಕ್ಕದಲ್ಲೇ ಎಂ31. ಆ್ಯಪ್ ಬೇಡ, ಮೊಬೈಲ್ ಬೆಳಕು ಕಣ್ಣಿನ ಹೊಂದಾಣಿಕೆ ಕೆಡಿಸುತ್ತದೆ. ಕಣ್ಣು ಕತ್ತಲಿಗೆ ಸರಿಯಾಗಿ ಹೊಂದಲು 20ರಿಂದ 30 ನಿಮಿಷ ಬೇಕು. ಮೆಸೇಜ್ ಬಂತು ಅಂತ ಒಮ್ಮೆ ನೋಡಿದರೆ ಮತ್ತೆ ಮೊದಲಿಂದ.

ಸುರತ್ಕಲ್ ಅಕ್ಕ · ಭಾನುವಾರ ಬೆಳಿಗ್ಗೆ 9:30

ಭಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೇರ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಮಂದ ಬೆಳಕು ಹಿಡಿಯುವ ಕೋಶಗಳು ರೆಟಿನಾದ ನಡುವೆ ಇಲ್ಲ, ಸುತ್ತ ಇವೆ. ಅವಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಬೂದು ಕಂಡದ್ದು ಅದಕ್ಕೇ.

@ಕುಡ್ಲ_ಬಾಯ್, ಎಡಿಟಿಂಗ್ ಅಂದರೆ ಇಲ್ಲದ್ದನ್ನು ಬಿಡಿಸುವುದು ಅಂತಾದರೆ, ಅಲ್ಲ. ಕಣ್ಣು ಬೆಳಕನ್ನು ಕೂಡಿಡುವುದಿಲ್ಲ, ಸೆಕೆಂಡಿನ ಸಣ್ಣ ಭಾಗದಲ್ಲಿ ಬಂದದ್ದನ್ನು ನೋಡಿ ಬಿಟ್ಟುಬಿಡುತ್ತದೆ. ಕ್ಯಾಮೆರಾ ಕೂಡಿಡುತ್ತದೆ. ನಾನು 135 ಮಿಮೀ ಲೆನ್ಸ್ ಹಾಕಿ, ಭೂಮಿ ತಿರುಗುವುದಕ್ಕೆ ಸರಿಯಾಗಿ ತಿರುಗುವ ಟ್ರ್ಯಾಕರ್ ಮೇಲಿಟ್ಟು, ಒಂದೊಂದು ನಿಮಿಷದ ಫ್ರೇಮ್ ತೆಗೆಯುತ್ತೇನೆ. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಸ್ಟ್ಯಾಕ್ ಮಾಡುವುದು. ಫ್ರೇಮ್ ನಾಲ್ಕು ಪಟ್ಟಾದರೆ ನಾಯ್ಸ್ (ಚಿತ್ರದಲ್ಲಿ ಬರುವ ಕಾಳುಕಾಳು) ಅರ್ಧಕ್ಕೆ ಇಳಿಯುತ್ತದೆ. ಆಗ ಬರುವ ನಡುವಿನ ಹಳದಿ ನಿಜ, ಅಲ್ಲಿರುವುದು ಹಳೆಯ ನಕ್ಷತ್ರಗಳು. ತೋಳುಗಳ ನೀಲಿಯೂ ನಿಜ, ಅವು ಬಿಸಿಯಾದ ಎಳೆಯ ನಕ್ಷತ್ರಗಳು. ನಾನು ಮಾಡುವುದು ಬಣ್ಣವನ್ನು ಸ್ವಲ್ಪ ಎತ್ತಿ ತೋರಿಸುವುದು. ಅಲ್ಲಿ ಅತಿ ಮಾಡುವವರೂ ಇದ್ದಾರೆ, ಒಪ್ಪುತ್ತೇನೆ. ನೇರಳೆ ಆಂಡ್ರೊಮೆಡಾ ಕಂಡರೆ ನನಗೂ ಸಿಟ್ಟು ಬರುತ್ತದೆ.

ಟ್ರ್ಯಾಕರ್ ಇಲ್ಲದವರೂ ಮಾಡಬಹುದು. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾ, 50 ಮಿಮೀ ಲೆನ್ಸ್, 6 ಸೆಕೆಂಡ್, ಟ್ರೈಪಾಡ್. ಅದಕ್ಕಿಂತ ಜಾಸ್ತಿ ಬಿಟ್ಟರೆ ನಕ್ಷತ್ರ ಗೆರೆಯಾಗುತ್ತದೆ. ಸುರತ್ಕಲ್ ಟೆರೇಸಿನಿಂದ ನಾನು ಶುರು ಮಾಡಿದ್ದು ಹಾಗೆಯೇ. ಹಿನ್ನೆಲೆ ಪೂರ್ತಿ ಕಿತ್ತಳೆ ಬಣ್ಣ ಬರುತ್ತದೆ. ಬಂದರು, ಫ್ಯಾಕ್ಟರಿ, ಹೆದ್ದಾರಿ ಎಲ್ಲ ಪಕ್ಕದಲ್ಲೇ ಅಲ್ವಾ. ಆದರೂ ಎಂ31ರ ಅಂಡಾಕಾರ ಎದ್ದು ಬರುತ್ತದೆ.

ಕುಡ್ಲ_ಬಾಯ್ · ಭಾನುವಾರ ಬೆಳಿಗ್ಗೆ 9:52

ಸರಿ ಅಕ್ಕಾ, ಒಪ್ಪಿದೆ. ಆದರೆ 25 ಲಕ್ಷ ಜ್ಯೋತಿರ್ವರ್ಷ ದೂರ ಅಂತ ಎಲ್ಲರೂ ಹೇಳುತ್ತಾರೆ. ಅಳೆದವರು ಯಾರು? ಟೇಪ್ ಹಿಡಿದು ಹೋದವರು ಯಾರೂ ಇಲ್ಲವಲ್ಲ.

ಫಿಸಿಕ್ಸ್ ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:15

ಊಟ ಮುಗಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದುವ ತಾಳ್ಮೆ ಇರಲಿ.

ಈ ಮಸುಕು ಹಳೆಯ ಪರಿಚಯ. ಸುಮಾರು 964ರಲ್ಲಿ ಪರ್ಷಿಯಾದ ಅಲ್ ಸೂಫಿ ಅದನ್ನು ಸಣ್ಣ ಮೋಡ ಅಂತ ಬರೆದಿಟ್ಟ. 1764ರಲ್ಲಿ ಫ್ರಾನ್ಸಿನ ಮೆಸ್ಸಿಯೆ ಮಸುಕು ವಸ್ತುಗಳ ತನ್ನ ಪಟ್ಟಿಯಲ್ಲಿ 31ನೆಯದಾಗಿ ಸೇರಿಸಿದ, ಎಂ31ರ 'ಎಂ' ಅವನದೇ. ಅವರ್ಯಾರಿಗೂ ಸುಳಿ ಕಾಣಲಿಲ್ಲ. 1888ರಲ್ಲಿ ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ ದೀರ್ಘ ಎಕ್ಸ್‌ಪೋಶರ್ ಕೊಟ್ಟು ಫೋಟೋ ತೆಗೆದಾಗಲೇ ಸುತ್ತಿಕೊಂಡ ರಚನೆ ಮೊದಲು ಕಂಡದ್ದು. ಆಗಲೂ ಅವರು ತಿಳಿದದ್ದು ಇದು ಹುಟ್ಟುತ್ತಿರುವ ಸೌರಮಂಡಲ ಅಂತ! ಫೋಟೋ ಸಿಕ್ಕಿತು, ದೂರ ಗೊತ್ತಿರಲಿಲ್ಲ. ದೂರ ಗೊತ್ತಿಲ್ಲದೆ ಗಾತ್ರ ಗೊತ್ತಾಗದು.

ನಡುವೆ ಒಂದು ಗೊಂದಲ. 1885ರಲ್ಲಿ ಎಂ31ರ ಒಳಗೆ ಒಂದು ಹೊಸ ನಕ್ಷತ್ರ ಹೊಳೆಯಿತು. ಮ್ಯಾಗ್ನಿಟ್ಯೂಡ್ 6ರ ಹತ್ತಿರ. ಇದು ಮಾಮೂಲಿ ನೋವಾ (ಥಟ್ಟನೆ ಹೊಳೆದು ಮತ್ತೆ ಮಂಕಾಗುವ ನಕ್ಷತ್ರ) ಅಂತಾದರೆ ಎಂ31 ಹತ್ತಿರವೇ ಇರಬೇಕು. 1920ರಲ್ಲಿ ವಾಷಿಂಗ್ಟನ್‌ನಲ್ಲಿ ಖಗೋಳ ವಿಜ್ಞಾನಿಗಳಾದ ಶಾಪ್ಲಿ ಮತ್ತು ಕರ್ಟಿಸ್ ನಡುವೆ ದೊಡ್ಡ ಚರ್ಚೆ ನಡೆಯಿತು. ಸುಳಿ ನೆಬ್ಯುಲಾಗಳು (ಎಂ31ರಂಥ ಸುಳಿ ಆಕಾರದ ಮಸುಕುಗಳು) ಬೇರೆ ಗ್ಯಾಲಕ್ಸಿಗಳೇ ಅಂತ ಕರ್ಟಿಸ್ ವಾದಿಸಿದ. ಶಾಪ್ಲಿ ಒಪ್ಪಲಿಲ್ಲ. ಅಷ್ಟು ದೂರ ಇದ್ದರೆ 1885ರ ನಕ್ಷತ್ರ ಅಷ್ಟು ಹೊಳೆಯಲು ಸಾಧ್ಯವೇ ಇಲ್ಲ ಅನ್ನುವುದು ಆ ಕಡೆಯವರ ವಾದ. ನೋಡಿ, ತರ್ಕ ಸರಿಯಾಗಿಯೇ ಇತ್ತು. ಅದು ಸೂಪರ್‌ನೋವಾ, ಅಂದರೆ ನೋವಾಕ್ಕಿಂತ ಎಷ್ಟೋ ಪಟ್ಟು ಹೊಳೆಯುವ ನಕ್ಷತ್ರದ ಸಿಡಿತ, ಅಂತ ಆಗ ಯಾರಿಗೂ ತಿಳಿದಿರಲಿಲ್ಲ.

ಟೇಪ್ ಕೊಟ್ಟವಳು ಹೆನ್ರಿಯೆಟ್ಟಾ ಲೆವಿಟ್. ಹಾರ್ವರ್ಡ್‌ನಲ್ಲಿ ಆಕಾಶದ ಫೋಟೋ ಇದ್ದ ಗಾಜಿನ ಫಲಕಗಳನ್ನು ಪರೀಕ್ಷಿಸುವ ಕೆಲಸ. ಸಿಫಿಡ್ ಅನ್ನುವ ನಕ್ಷತ್ರಗಳು ಉಬ್ಬಿ ಕುಗ್ಗುತ್ತಾ ಹೊಳಪು ಬದಲಿಸುತ್ತವೆ. ಹೊಳಪು ಜಾಸ್ತಿ ಇರುವ ಸಿಫಿಡ್ ನಿಧಾನಕ್ಕೆ ಮಿಡಿಯುತ್ತದೆ ಅಂತ 1912ರಲ್ಲಿ ಅವಳು ತೋರಿಸಿದಳು. ಮಿಡಿತದ ಅವಧಿ ಅಳೆದರೆ ನಿಜವಾದ ಹೊಳಪು ಎಷ್ಟು ಅಂತ ತಿಳಿಯುತ್ತದೆ. ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಅಂತ ನೋಡಿದರೆ ದೂರ ಸಿಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಹೈಸ್ಕೂಲಿನ ಲೆಕ್ಕ.

1923ರ ಅಕ್ಟೋಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪಿನಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಎಂ31ರ ಫಲಕ ತೆಗೆದ. ನೋವಾ ಅಂದುಕೊಂಡ ಒಂದು ಚುಕ್ಕೆಗೆ 'ಎನ್' ಅಂತ ಗುರುತು ಹಾಕಿದ್ದ. ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಅದು ಮತ್ತೆ ಮತ್ತೆ ಹೊಳಪು ಬದಲಿಸುವ ನಕ್ಷತ್ರ. ಎನ್ ಹೊಡೆದು ಹಾಕಿ, 'ವೇರಿಯಬಲ್' (ಹೊಳಪು ಬದಲಿಸುವ ನಕ್ಷತ್ರ) ಅನ್ನುವುದನ್ನು ಚುಟುಕಾಗಿ 'VAR' ಅಂತ ಬರೆದು ಪಕ್ಕಕ್ಕೊಂದು ಆಶ್ಚರ್ಯ ಚಿಹ್ನೆ ಹಾಕಿದ. ಅವಧಿ 31.4 ದಿನ. ಲೆಕ್ಕ ಹಾಕಿದರೆ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಕ್ಷೀರಪಥದ ಹೊರಗೆ, ಸಂಶಯವೇ ಇಲ್ಲ. 1925ರ ಜನವರಿ 1ರಂದು ಅದನ್ನು ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಓದಲಾಯಿತು. ಓದಿದ್ದು ಹಬಲ್ ಅಲ್ಲ, ಅವನ ಪರವಾಗಿ ಇನ್ನೊಬ್ಬ ವಿಜ್ಞಾನಿ ರಸೆಲ್.

ಕುಡ್ಲ_ಬಾಯ್ · ಭಾನುವಾರ ಮಧ್ಯಾಹ್ನ 2:34

9 ಲಕ್ಷವಾ? ಈಗ 25 ಅಂತೀರಲ್ಲ ಮೇಷ್ಟ್ರೇ. ನೂರು ವರ್ಷದಲ್ಲಿ ಅಷ್ಟು ದೂರ ಓಡಿತಾ?

ಫಿಸಿಕ್ಸ್ ಮೇಷ್ಟ್ರು · ಭಾನುವಾರ ಮಧ್ಯಾಹ್ನ 3:10

ಓಡಲಿಲ್ಲ. ಅದು ನಮ್ಮ ಕಡೆಗೇ ಬರುತ್ತಾ ಇದೆ, ಅದು ಬೇರೆ ವಿಷಯ.

ಎರಡನೇ ಮಹಾಯುದ್ಧದ ಕಾಲ. ದಾಳಿಯ ಭಯದಿಂದ ಲಾಸ್ ಏಂಜಲೀಸ್ ಸುತ್ತ ದೀಪ ಆರಿಸುತ್ತಿದ್ದರು. ಮೌಂಟ್ ವಿಲ್ಸನ್‌ನ ಬೇರೆ ವಿಜ್ಞಾನಿಗಳು ಯುದ್ಧದ ಕೆಲಸಕ್ಕೆ ಹೋಗಿದ್ದರು. ವಾಲ್ಟರ್ ಬಾಡೆ ಜರ್ಮನಿಯವನು, ಅವನನ್ನು ಆ ಕೆಲಸಕ್ಕೆ ಸೇರಿಸುವ ಹಾಗಿರಲಿಲ್ಲ. ಹಾಗಾಗಿ ಕತ್ತಲು ಮತ್ತು ಟೆಲಿಸ್ಕೋಪ್ ಎರಡೂ ಅವನ ಪಾಲಿಗೆ ಬಂತು. ಎಂ31ರ ನಡುಭಾಗವನ್ನು, ನಮ್ಮ ಮಲ್ಪೆ ಗಾಳಿಯವರು ನೋಡಿದ ಅದೇ ಮಸುಕನ್ನು, ಅವನು ಬಿಡಿ ಬಿಡಿ ನಕ್ಷತ್ರಗಳಾಗಿ ಫೋಟೋ ಹಿಡಿದ. 1944ರಲ್ಲಿ ಪ್ರಕಟಿಸಿದ. ನಡುವಿನ ನಕ್ಷತ್ರಗಳೇ ಒಂದು ಜಾತಿ, ತೋಳಿನವು ಇನ್ನೊಂದು ಜಾತಿ ಅಂತ ತೋರಿಸಿದ. ಮುಂದೆ ಸಿಫಿಡ್‌ಗಳಲ್ಲೂ ಎರಡು ಬಗೆ ಅಂತ ಗೊತ್ತಾಯಿತು. ಹಬಲ್ ಒಂದು ಬಗೆಯ ಅಳತೆಯನ್ನು ಇನ್ನೊಂದಕ್ಕೆ ಹಚ್ಚಿದ್ದ. 1952ರಲ್ಲಿ ಬಾಡೆ ಅದನ್ನು ಸರಿಮಾಡಿದಾಗ ದೂರ ಒಂದೇ ಏಟಿಗೆ ದುಪ್ಪಟ್ಟಾಯಿತು. ಎಂ31 ಮಾತ್ರ ಅಲ್ಲ, ಹೊರಗಿನ ಎಲ್ಲ ಗ್ಯಾಲಕ್ಸಿಗಳ ದೂರವೂ. ಆಮೇಲೆ ಬೇರೆ ಬೇರೆ ವಿಧಾನಗಳಲ್ಲಿ ತಾಳೆ ನೋಡಿ ನೋಡಿ 25 ಲಕ್ಷದ ಹತ್ತಿರ ನಿಂತಿದೆ.

ಊರಿನ ದೀಪ ಆರಿದರೆ ಏನೆಲ್ಲ ಆಗುತ್ತದೆ ನೋಡಿ. ನಮ್ಮಲ್ಲಿ ಕರೆಂಟ್ ಹೋದರೆ ಮೊದಲು ಇನ್ವರ್ಟರ್ ಹಾಕುತ್ತಾರೆ.

ಹೆಬ್ರಿ ತೋಟ · ಭಾನುವಾರ ಸಂಜೆ 6:40

ಮಲ್ಪೆ ಗಾಳಿಯವರೇ, ಇಲ್ಲಿ ಬನ್ನಿ. ಅಡಿಕೆ ತೋಟದೊಳಗೆ ಆಕಾಶ ಕಾಣುವುದಿಲ್ಲ, ಅದು ನಿಜ. ಆದರೆ ನಮ್ಮ ಅಡಿಕೆ ಒಣಗಿಸುವ ಅಂಗಳಕ್ಕೆ ಹಗಲಿಡೀ ಬಿಸಿಲು ಬೀಳಬೇಕು ಅಂತ ಸುತ್ತ ಮರ ಬಿಟ್ಟಿಲ್ಲ. ರಾತ್ರಿ ಅದೇ ನಮಗೆ ಲಾಭ. ಪೂರ್ವಕ್ಕೆ ಘಟ್ಟದ ಗೋಡೆ, ಹಾಗಾಗಿ ಮೂಡುವುದು ತಡ. ಉತ್ತರ ಪೂರ್ತಿ ಖಾಲಿ. ಕ್ಷೀರಪಥ ಕಾಣುತ್ತದೆ. ಎಂ31 ಬರಿಗಣ್ಣಿಗೆ, ತಡಕಾಡದೆ.

ಹನ್ನೊಂದರ ಒಳಗೆ ನೋಡಿ ಮುಗಿಸಬೇಕು. ಆಮೇಲೆ ಮಂಜು ಕೂರುತ್ತದೆ, ಲೆನ್ಸ್ ಒದ್ದೆ. ಹತ್ತಿರ ಎಲ್ಲಾದರೂ ಕಂಬಳ ಇದ್ದ ರಾತ್ರಿ ಬರಬೇಡಿ. ಆ ಲೈಟಿಗೆ ಆಕಾಶವೇ ಬಿಳಿ. ಇಲ್ಲದಿದ್ದರೆ ಟೆಲಿಸ್ಕೋಪ್ ಬಿಟ್ಟು ಕಂಬಳಕ್ಕೇ ಹೋಗಿ.

ಕತ್ತಲು ಬೇಕು ಅಂತ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಡಿ. ಪ್ರಾಣಿಗಳ ಓಡಾಟ ಉಂಟು, ಅರಣ್ಯ ಇಲಾಖೆಯವರೂ ಬಿಡುವುದಿಲ್ಲ. ವಿಳಾಸ ಮೆಸೇಜ್ ಮಾಡುತ್ತೇನೆ.

ಇನ್ನೊಂದು. ನಾನು ಎಂ31ಕ್ಕಿಂತ ಎಂ33 ಅನ್ನುವ ಇನ್ನೊಂದು ಗ್ಯಾಲಕ್ಸಿಯ ಹಿಂದೆ ಬಿದ್ದಿದ್ದೇನೆ. ಮಿರಾಕಿನಿಂದ ಎಂ31 ಎಷ್ಟು ದೂರವೋ, ಹೆಚ್ಚುಕಮ್ಮಿ ಅಷ್ಟೇ ದೂರ ಎದುರು ದಿಕ್ಕಿಗೆ ಹೋದರೆ ಅದು. 7×50 ಬೈನಾಕ್ಯುಲರಿನಲ್ಲಿ ಅಗಲವಾದ ಒಂದು ತೆಳು ಬೆಳಕು. ಟೆಲಿಸ್ಕೋಪ್ ಇಟ್ಟರೆ ಮಾಯ! ಸುಳಿ ನೋಡಬೇಕಾದರೆ ಅದರಲ್ಲೇ ಅಲ್ವಾ ಭಟ್ರೇ?

ಭಟ್ರ ಬೈನಾಕ್ಯುಲರ್ · ಭಾನುವಾರ ರಾತ್ರಿ 8:12

ಹೌದು. ಎಂ33 ನಮಗೆ ಮುಖ ಮಾಡಿ ಇದೆ, ತೋಳು ತೆರೆದುಕೊಂಡಿವೆ. ದೂರ 27 ಲಕ್ಷ ಜ್ಯೋತಿರ್ವರ್ಷ, ಎಂ31ಕ್ಕಿಂತ ಸ್ವಲ್ಪವೇ ಆಚೆ. ಆದರೆ ಗಾತ್ರ ಸಣ್ಣದು, ಅಗಲ ಸುಮಾರು 60 ಸಾವಿರ ಜ್ಯೋತಿರ್ವರ್ಷ. ಮ್ಯಾಗ್ನಿಟ್ಯೂಡ್ 5.7 ಅಂತ ಬರೆದಿರುತ್ತಾರೆ, ಆ ಬೆಳಕು ಒಂದು ಡಿಗ್ರಿಗಿಂತ ಉದ್ದಕ್ಕೆ ಹರಡಿದೆ. ಎಂ31ರ ಹಾಗೆ ದಪ್ಪನೆಯ ಹೊಳೆಯುವ ನಡುಭಾಗವೂ ಇಲ್ಲ. ಸ್ವಲ್ಪ ಆಕಾಶ ಬೆಳ್ಳಗಾದರೂ ಮುಳುಗಿಹೋಗುತ್ತದೆ. ಇವತ್ತು ಆಕಾಶ ಎಷ್ಟು ಒಳ್ಳೆಯದು ಅಂತ ನೋಡಲು ನಾನು ಮೀಟರ್ ಇಡುವುದಿಲ್ಲ. ಎಂ33 ಸಿಕ್ಕಿತಾ ಇಲ್ಲವಾ, ಅಷ್ಟೇ.

130 ಮಿಮೀ ಇದ್ದವರು ಎಂ33ರಲ್ಲಿ ಹುಡುಕಬೇಕಾದ್ದು ಎನ್‌ಜಿಸಿ 604. ಈಶಾನ್ಯ ಅಂಚಿನಲ್ಲಿ ಒಂದು ಸಣ್ಣ ಮಬ್ಬು ಚುಕ್ಕೆ. ಇಲ್ಲಿ ಪಟ್ಟು ಹೆಚ್ಚಿಸಿದರೆ ಒಳ್ಳೆಯದು, ಅದು ಸಣ್ಣದು ಮತ್ತು ಗಟ್ಟಿ. ಅದು ನಕ್ಷತ್ರ ಹುಟ್ಟುವ ಮೋಡ, 1784ರಲ್ಲಿ ಹರ್ಷೆಲ್ ಕಂಡದ್ದು. ಅಗಲ ಸುಮಾರು 1500 ಜ್ಯೋತಿರ್ವರ್ಷ. ನಮ್ಮ ಮಹಾವ್ಯಾಧದ ನೆಬ್ಯುಲಾ ಅದರ ಮುಂದೆ ಏನೂ ಅಲ್ಲ. ಇನ್ನೊಂದು ಗ್ಯಾಲಕ್ಸಿಯ ಒಳಗಿನ ವಸ್ತುವೊಂದನ್ನು ನಮ್ಮ ಅಂಗಳದಿಂದ ನೋಡುವುದು ಅಂದರೆ ಸಣ್ಣ ವಿಷಯವಾ? ನನಗೆ ಎಂ31ಕ್ಕಿಂತ ಇದೇ ಇಷ್ಟ.

ಪಿಯುಸಿ_ಕಾರ್ಕಳ · ಭಾನುವಾರ ರಾತ್ರಿ 9:03

ಮೇಷ್ಟ್ರೇ, ಡಾರ್ಕ್ ಮ್ಯಾಟರ್ ಇದೆ ಅಂತ ಗೊತ್ತಾದದ್ದು ಎಂ31ರಿಂದ ಅಂತ ಓದಿದೆ. ಹೌದಾ? ನೋಡಲು ಆಗದ್ದನ್ನು ನೋಡಿದ್ದು ಹೇಗೆ?

ಫಿಸಿಕ್ಸ್ ಮೇಷ್ಟ್ರು · ಭಾನುವಾರ ರಾತ್ರಿ 10:20

ಎಂ31 ಒಂದರಿಂದಲೇ ಅಂತ ಹೇಳಿದರೆ ಜಾಸ್ತಿ ಆಯಿತು. ಆದರೆ ದೊಡ್ಡ ಪಾಲು ಅದರದ್ದೇ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಎಂ31ರ ಹೊಳೆಯುವ ಅನಿಲ ಮೋಡಗಳ ಬೆಳಕನ್ನು ಬಿಡಿಸಿ, ಒಂದೊಂದೂ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಅಂತ ಅಳೆದರು. ಗ್ಯಾಲಕ್ಸಿಯ ಒಂದು ಬದಿ ನಮ್ಮ ಕಡೆ ಬರುತ್ತದೆ, ಇನ್ನೊಂದು ದೂರ ಹೋಗುತ್ತದೆ. ಬೆಳಕಿನ ರೇಖೆಗಳು ಅದಕ್ಕೆ ತಕ್ಕ ಹಾಗೆ ಸರಿಯುತ್ತವೆ. ನೀನು ಓದಿದ ಡಾಪ್ಲರ್ ಪರಿಣಾಮವೇ.

ಬುಧನಿಗಿಂತ ಶನಿ ನಿಧಾನ ಅಲ್ವಾ? ಸೂರ್ಯನಿಂದ ದೂರ ಹೋದಂತೆ ಸೆಳೆತ ಕಡಿಮೆ. ಎಂ31ರಲ್ಲೂ ಬೆಳಕೆಲ್ಲ ನಡುವೆ ತುಂಬಿದೆ, ಹಾಗಾಗಿ ಹೊರಗಿನ ಮೋಡಗಳ ವೇಗ ಇಳಿಯಬೇಕಿತ್ತು. ಇಳಿಯಲಿಲ್ಲ. ಸೆಕೆಂಡಿಗೆ ಇನ್ನೂರು ಕಿಲೋಮೀಟರ್‌ಗೂ ಮೇಲೆಯೇ ಉಳಿಯಿತು. ಅಷ್ಟು ವೇಗದ ಮೋಡಗಳನ್ನು ಹಿಡಿದಿಡಲು ಕಾಣುವ ನಕ್ಷತ್ರಗಳ ತೂಕ ಸಾಕಾಗುವುದಿಲ್ಲ. ಮುಂದೆ ಬೇರೆ ಗ್ಯಾಲಕ್ಸಿಗಳಲ್ಲೂ ಇದೇ ಕಥೆ. ಕಾಣದ ದ್ರವ್ಯ ಇದೆ ಅನ್ನುವುದಕ್ಕೆ ಅದು ಬಲವಾದ ಆಧಾರ. ಅದು ಏನು ಅಂತ ಇವತ್ತಿನವರೆಗೂ ಯಾರೂ ಹಿಡಿದು ತೋರಿಸಿಲ್ಲ. ಪರೀಕ್ಷೆಯಲ್ಲಿ ಈ ಕೊನೆಯ ವಾಕ್ಯವನ್ನೂ ಬರಿ.

ಕುಡ್ಲ_ಬಾಯ್ · ಸೋಮವಾರ ಬೆಳಿಗ್ಗೆ 8:15

ನಮ್ಮ ಕಡೆಗೇ ಬರುತ್ತಿದೆ ಅಂದಿರಲ್ಲ ಮೇಷ್ಟ್ರೇ. ಬಂದು ಹೊಡೆಯುತ್ತದಾ?

ಫಿಸಿಕ್ಸ್ ಮೇಷ್ಟ್ರು · ಸೋಮವಾರ ಸಂಜೆ 5:30

1912ರಲ್ಲೇ ಅಮೆರಿಕದ ಖಗೋಳ ವಿಜ್ಞಾನಿ ಸ್ಲೈಫರ್ ಅಳೆದಿದ್ದ, ಸೆಕೆಂಡಿಗೆ 300 ಕಿಲೋಮೀಟರ್ ನಮ್ಮ ಕಡೆಗೆ. ಆದರೆ ಅದರಲ್ಲಿ ಜಾಸ್ತಿ ಪಾಲು ನಮ್ಮ ಸೂರ್ಯ ಕ್ಷೀರಪಥದಲ್ಲಿ ಸುತ್ತುವ ವೇಗ. ಅದನ್ನು ಕಳೆದರೆ ಎರಡು ಗ್ಯಾಲಕ್ಸಿಗಳ ನಡುವೆ ಉಳಿಯುವುದು ಸುಮಾರು 110. ಕಷ್ಟ ಇರುವುದು ಪಕ್ಕಕ್ಕೆ ಎಷ್ಟು ಸರಿಯುತ್ತಿದೆ ಅಂತ ಅಳೆಯುವುದರಲ್ಲಿ. ಅದು ಕೂದಲೆಳೆಗಿಂತ ಸಣ್ಣ ಸರಿತ. 2012ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಿಂದ ಲೆಕ್ಕ ಹಾಕಿ, ಸುಮಾರು 400 ಕೋಟಿ ವರ್ಷದಲ್ಲಿ ಡಿಕ್ಕಿ ಖಂಡಿತ ಅಂದರು. 2025ರಲ್ಲಿ ಬಂದ ಹೊಸ ಲೆಕ್ಕ ಅಷ್ಟು ಖಚಿತ ಇಲ್ಲ. ಎಂ33ರ ಸೆಳೆತ ಎರಡನ್ನೂ ಹತ್ತಿರ ತರುತ್ತದೆ. ನಮ್ಮ ಉಪಗ್ಯಾಲಕ್ಸಿ ದೊಡ್ಡ ಮೆಗೆಲಾನಿಕ್ ಮೋಡದ ಸೆಳೆತ ತಪ್ಪಿಸುತ್ತದೆ. ಎಲ್ಲ ಸೇರಿಸಿದರೆ ಮುಂದಿನ 1000 ಕೋಟಿ ವರ್ಷದಲ್ಲಿ ಸೇರುವ ಸಾಧ್ಯತೆ ಅರ್ಧಕ್ಕರ್ಧ. ಸೇರಿದರೂ ನಕ್ಷತ್ರಕ್ಕೆ ನಕ್ಷತ್ರ ತಾಗುವುದು ತೀರಾ ಅಪರೂಪ, ನಡುವೆ ಅಷ್ಟು ಜಾಗ ಇದೆ.

ಕುಡ್ಲ_ಬಾಯ್ · ಸೋಮವಾರ ಸಂಜೆ 5:33

ಅಂದರೆ ಟಾಸ್ ಹಾಕಿದ ಹಾಗೆ. ಸರಿ, ಇಎಂಐ ಕಟ್ಟುವುದು ನಿಲ್ಲಿಸುವ ಹಾಗಿಲ್ಲ.

ಸುರತ್ಕಲ್ ಅಕ್ಕ · ಸೋಮವಾರ ರಾತ್ರಿ 9:10

ಸುಳಿಯ ಬಗ್ಗೆ ಒಂದು ಮಾತು ಬಾಕಿ. ಎಂ31 ಚೆಂದದ ಸುಳಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಇನ್ಫ್ರಾರೆಡ್‌ನಲ್ಲಿ ತೆಗೆದ ಚಿತ್ರ ನೋಡಿ. ಎದ್ದು ಕಾಣುವುದು ತೋಳಿಗಿಂತ ಒಂದು ದೊಡ್ಡ ಉಂಗುರ, ನಡುವಿನಿಂದ 30 ಸಾವಿರ ಜ್ಯೋತಿರ್ವರ್ಷಕ್ಕೂ ಸ್ವಲ್ಪ ಆಚೆ. ಹೊಸ ನಕ್ಷತ್ರ ಹುಟ್ಟುವುದು ಜಾಸ್ತಿ ಅಲ್ಲೇ. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದ ಅಲ್ಟ್ರಾವಯಲೆಟ್ ದೂರದರ್ಶಕವೂ ಎಂ31 ಅನ್ನು ತುಂಡು ತುಂಡಾಗಿ ಸರ್ವೆ ಮಾಡಿದೆ. ಅದರಲ್ಲಿ ಎಳೆಯ ನಕ್ಷತ್ರಗಳೇ ಕಾಣುವುದು. ಸುಳಿ ಕಾಣಲಿಲ್ಲ ಅಂತ ಬೇಜಾರು ಮಾಡಬೇಡಿ ಮಲ್ಪೆಯವರೇ, ಅಲ್ಲಿ ಅದು ಅಷ್ಟು ಅಚ್ಚುಕಟ್ಟಾಗಿಯೂ ಇಲ್ಲ.

ಹವ್ಯಾಸಿಗಳಿಗೆ ಇನ್ನೇನು ಉಳಿದಿದೆ ಅಂತ ಕೇಳುವವರಿಗೆ: 2023ರ ಜನವರಿಯಲ್ಲಿ ಪ್ರಕಟವಾದ ಒಂದು ಶೋಧ ಇದೆ. ಸ್ಟ್ರಾಟ್ನರ್, ಡ್ರೆಕ್ಸ್ಲರ್, ಸೈಂಟಿ ಅನ್ನುವ ಹವ್ಯಾಸಿಗಳು ಆಮ್ಲಜನಕದ ಬೆಳಕು ಮಾತ್ರ ಬಿಡುವ ಫಿಲ್ಟರ್ ಹಾಕಿ ತುಂಬ ಹೊತ್ತು ಬೆಳಕು ಕೂಡಿಟ್ಟರು. ಎಂ31ರ ಪಕ್ಕದಲ್ಲೇ ಒಂದೂವರೆ ಡಿಗ್ರಿ ಉದ್ದದ ಒಂದು ನೀಲಿ ಕಮಾನು ಸಿಕ್ಕಿತು. ಜಗತ್ತು ಅತಿ ಜಾಸ್ತಿ ಫೋಟೋ ತೆಗೆದ ಜಾಗ ಅದು. ಯಾರಿಗೂ ಕಂಡಿರಲಿಲ್ಲ.

ಸ್ಮಾರ್ಟ್ ಟೆಲಿಸ್ಕೋಪ್ (ತಾನೇ ಫೋಟೋ ತೆಗೆದು ಮೊಬೈಲಿಗೆ ಕಳಿಸುವಂಥದ್ದು) ಇದ್ದರೆ ಮಲ್ಪೆಯಿಂದಲೂ ಧೂಳಿನ ಪಟ್ಟಿ ಮೊಬೈಲಿನಲ್ಲಿ ಬರುತ್ತದೆ. ಅಪ್ಪನಿಗೆ ತೋರಿಸಲು ಅದೇ ಸುಲಭ.

ಭಟ್ರ ಬೈನಾಕ್ಯುಲರ್ · ಸೋಮವಾರ ರಾತ್ರಿ 9:25

ಮೊಬೈಲಿನಲ್ಲೇ ನೋಡುವುದಾದರೆ ಮನೆಯಲ್ಲೇ ಕೂತು ಹಬಲ್ ಫೋಟೋ ನೋಡಬಹುದಲ್ಲ ಅಕ್ಕಾ.

ಸುರತ್ಕಲ್ ಅಕ್ಕ · ಸೋಮವಾರ ರಾತ್ರಿ 9:31

ಬೆಳಕು ಅದೇ ಬೆಳಕು ಭಟ್ರೇ. ನಿಮ್ಮ ಕಣ್ಣಿಗೆ ಬಿದ್ದರೆ ಪುಣ್ಯ, ನನ್ನ ಸೆನ್ಸರಿಗೆ ಬಿದ್ದರೆ ಪಾಪವಾ? ಕನ್ನಡಕ ದಪ್ಪ ಆದವರು, ಕಣ್ಣಿಗೆ ಪೊರೆ ಬಂದವರು ನೋಡುವುದು ಬೇಡವಾ?

ನಿರ್ವಾಹಕ · ಸೋಮವಾರ ರಾತ್ರಿ 9:50

ಕಣ್ಣು ದೊಡ್ಡದಾ ಕ್ಯಾಮೆರಾ ದೊಡ್ಡದಾ ಅನ್ನುವುದಕ್ಕೆ ಹಳೆಯ ಥ್ರೆಡ್ ಇದೆ. ಜಗಳ ಅಲ್ಲಿ ಮುಂದುವರಿಸಿ. ಟೆಲಿಸ್ಕೋಪ್ ಇಲ್ಲದ ಹೊಸಬರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಕ್ಲಬ್‌ನವರನ್ನು ವಿಚಾರಿಸಬಹುದು. ಮಂಗಳೂರಿನವರಿಗೆ ಪಿಲಿಕುಳದ ತಾರಾಲಯ ಇದೆ.

ಮಲ್ಪೆ_ಗಾಳಿ · ಭಾನುವಾರ ಬೆಳಿಗ್ಗೆ 10:45

ನಿನ್ನೆ ಹೆಬ್ರಿಗೆ ಹೋಗಿ ಬಂದೆವು. ಅಂಗಳ, ಚಹಾ, ಗೋಳಿಬಜೆ ಎಲ್ಲದಕ್ಕೂ ಹೆಬ್ರಿ ತೋಟದವರಿಗೆ ಥ್ಯಾಂಕ್ಸ್.

ಬರಿಗಣ್ಣಿಗೆ ಎಂ31 ಕಂಡಿತು, ಸಣ್ಣ ಉದ್ದನೆಯ ಮಬ್ಬು. ಬೈನಾಕ್ಯುಲರ್‌ನಲ್ಲಿ ಅದರ ಉದ್ದ ನೋಡಿ ನಿಜಕ್ಕೂ ಆಶ್ಚರ್ಯ ಆಯಿತು. ಎರಡು ಕಡೆಗೂ ತೆಳುವಾಗಿ ಹೋಗುತ್ತಲೇ ಇದೆ. ಅಪ್ಪ ಬೈನಾಕ್ಯುಲರ್ ಹಿಡಿದವರು ವಾಪಸ್ ಕೊಡಲಿಲ್ಲ. ದುಡ್ಡಿನ ಮಾತು ಬರಲಿಲ್ಲ, ಬೈನಾಕ್ಯುಲರ್ ರೇಟು ಮಾತ್ರ ಕೇಳಿದರು. 25 ಮಿಮೀ ಐಪೀಸಿನಲ್ಲಿ ನಡುಭಾಗದ ದಕ್ಷಿಣಕ್ಕೆ ಎಂ31ರ ಸಣ್ಣ ಉಪಗ್ಯಾಲಕ್ಸಿ ಎಂ32 ಸಿಕ್ಕಿತು. ನಕ್ಷತ್ರ ಅಂದುಕೊಂಡಿದ್ದೆ, ದಿಟ್ಟಿಸಿದಾಗ ಅಂಚು ಮೃದು. ಒಂದು ಬದಿ ಬೆಳಕು ಥಟ್ಟನೆ ಕಡಿಯುವ ಹಾಗೆ ಕಂಡಿತು, ಇನ್ನೊಂದು ಬದಿ ನಿಧಾನಕ್ಕೆ ಕರಗುತ್ತದೆ. ಅದು ಧೂಳಿನ ಪಟ್ಟಿಯೇ ಇರಬಹುದಾ? ಎಂ33 ಬೈನಾಕ್ಯುಲರ್‌ನಲ್ಲಿ ಕಂಡಿತು. ಎನ್‌ಜಿಸಿ 604 ಸಿಗುವ ಮೊದಲೇ ಮಂಜು ಬಂತು. ಇನ್ನೊಂದು ಉಪಗ್ಯಾಲಕ್ಸಿ ಎಂ110 ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಪಟ್ಟಿಯಲ್ಲಿ ಎಂ32ರಷ್ಟೇ ಮ್ಯಾಗ್ನಿಟ್ಯೂಡ್ ಕೊಟ್ಟಿದ್ದಾರೆ, ಎರಡೂ 8ರ ಆಸುಪಾಸು.

ಫಿಸಿಕ್ಸ್ ಮೇಷ್ಟ್ರು · ಭಾನುವಾರ ಬೆಳಿಗ್ಗೆ 11:30

ಬೆಳಕು ಕಡಿದ ಹಾಗೆ ಕಂಡ ಬದಿ ಗ್ಯಾಲಕ್ಸಿಯ ನಮಗೆ ಹತ್ತಿರದ ಬದಿ. ಅಲ್ಲಿನ ಧೂಳು ನಡುಭಾಗದ ಬೆಳಕಿನ ಮುಂದೆ ಬರುತ್ತದೆ, ಅದಕ್ಕೇ ಕಪ್ಪು ಕಾಣುವುದು. ಆಚೆ ಬದಿಯ ಧೂಳು ಬೆಳಕಿನ ಹಿಂದೆ ಉಳಿಯುತ್ತದೆ. ಆ ಡಿಸ್ಕ್ ಎಷ್ಟು ದೊಡ್ಡದು ಅಂದರೆ, ಆಚೆ ಅಂಚಿನಿಂದ ನಿನ್ನೆ ನಿಮ್ಮ ಕಣ್ಣಿಗೆ ಬಂದ ಬೆಳಕು ಈಚೆ ಅಂಚಿನದಕ್ಕಿಂತ ಒಂದು ಲಕ್ಷ ವರ್ಷಕ್ಕೂ ಮೊದಲೇ ಹೊರಟದ್ದು. ಒಂದೇ ನೋಟದಲ್ಲಿ ಎರಡೂ ಕಾಲ.

ಭಟ್ರ ಬೈನಾಕ್ಯುಲರ್ · ಭಾನುವಾರ ಮಧ್ಯಾಹ್ನ 12:10

ಮೇಷ್ಟ್ರು ಹೇಳಿದ ಬದಿ ವಾಯವ್ಯವೇ ಆಗಿದ್ದರೆ ಧೂಳಿನ ಪಟ್ಟಿಯ ಅಂಚೇ ನೀವು ನೋಡಿದ್ದು. 130 ಮಿಮೀಯಲ್ಲಿ ಅದು ಚಿಕ್ಕ ಸಾಧನೆ ಅಲ್ಲ.

ಎಂ110ರ ಕಥೆಯೂ ಅದೇ ಹಳೆಯ ಕಥೆ. ಎಂ32ರ ಬೆಳಕು ಸಣ್ಣ ಜಾಗದಲ್ಲಿ ಗಟ್ಟಿಯಾಗಿದೆ. ಎಂ110 ಅದರ ಎರಡು ಪಟ್ಟಿಗೂ ಜಾಸ್ತಿ ಉದ್ದಕ್ಕೆ ಹರಡಿದೆ. ಎಂ31ರ ನಡುವಿನಿಂದ ವಾಯವ್ಯಕ್ಕೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರ. ಮುಂದಿನ ಸಲ ಎಂ31ರ ಹೊಳೆಯುವ ನಡುಭಾಗವನ್ನು ನೋಟದಿಂದ ಹೊರಗೆ ತಳ್ಳಿ. ಆಮೇಲೆ ಟ್ಯೂಬನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಮಸುಕಾದ ವಸ್ತು ಅಲ್ಲಾಡಿದರೆ ಕಣ್ಣು ಬೇಗ ಹಿಡಿಯುತ್ತದೆ.

ಮತ್ತೆ ಹೆಬ್ರಿಗೇ ಹೋಗಬೇಕಿಲ್ಲ. ಜನವರಿ ಕೊನೆಯಲ್ಲಿ ರಾತ್ರಿ ಎಂಟಕ್ಕೆ ಎಂ31 ವಾಯವ್ಯದಲ್ಲಿ 40 ಡಿಗ್ರಿ ಎತ್ತರ ಇರುತ್ತದೆ. ಮಲ್ಪೆಯಿಂದ ಅದು ಪೂರ್ತಿ ಕಡಲಿನ ಮೇಲೆ, ಮಣಿಪಾಲ ಬೆನ್ನ ಹಿಂದೆ. ಬೋಟುಗಳ ಲೈಟು ಬಿಟ್ಟರೆ ತೊಂದರೆ ಇಲ್ಲ. ನಿಮ್ಮ ಟೆಲಿಸ್ಕೋಪಿಗೆ 32 ಮಿಮೀ ಐಪೀಸ್ ಇದ್ದರೆ ಎರಡೂವರೆ ಡಿಗ್ರಿ ಸಿಗುತ್ತದೆ, ಮೂರನ್ನೂ ಒಟ್ಟಿಗೆ ನೋಡಬಹುದು.

ಮಲ್ಪೆ_ಗಾಳಿ · ಭಾನುವಾರ ಮಧ್ಯಾಹ್ನ 12:40

32 ಮಿಮೀ ನನ್ನ ಹತ್ತಿರ ಇಲ್ಲ. ಒಂದು ರಾತ್ರಿಗೆ ಯಾರಾದರೂ ಕೊಡುತ್ತೀರಾ?

ಸುರತ್ಕಲ್ ಅಕ್ಕ · ಭಾನುವಾರ ಮಧ್ಯಾಹ್ನ 12:58

ನನ್ನದು ಕೊಡುತ್ತೇನೆ, ಮಲ್ಪೆಗೆ ನಾನೂ ಬರುತ್ತೇನೆ. ಉಪ್ಪುಗಾಳಿಗೆ ತೆರೆದಿಟ್ಟು ಬಟ್ಟೆಯಲ್ಲಿ ಉಜ್ಜಬೇಡಿ, ಮೊದಲು ಬ್ಲೋವರ್ ಹೊಡೆಯಬೇಕು. ವಾಪಸ್ ಇಡುವಾಗ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ. ಕಳೆದ ಮಳೆಗಾಲದಲ್ಲಿ ಒಂದು ಲೆನ್ಸಿಗೆ ಫಂಗಸ್ ಹಿಡಿದು ಹೋಗಿದೆ, ಇದಕ್ಕೂ ಹಿಡಿಯುವುದು ಬೇಡ. ಭಟ್ರೇ, ನನ್ನ ಕ್ಯಾಮೆರಾ ಪಕ್ಕದಲ್ಲಿ ಇರುತ್ತದೆ. ನಿಮ್ಮ ಕೆಂಪು ಟಾರ್ಚ್ ಅದರ ಕಡೆ ತಿರುಗಿಸಬೇಡಿ.